ಬಂದೋಲ್: ಕಾಯುವವರ ಕೆಂಪು ವೈನ್

ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ, ಮಾರ್ಸೇ ಮತ್ತು ತೂಲೋನ್ ನಗರಗಳ ನಡುವಿನ ಪುಟ್ಟ ಬಂದರು ಬಂದೋಲ್. ಅಲ್ಲಿಂದ ಪೀಪಾಯಿಗಳಲ್ಲಿ ಹಡಗು ಹತ್ತುತ್ತಿದ್ದ ವೈನಿಗೂ ಊರಿನ ಹೆಸರೇ ನಿಂತಿತು. ದ್ರಾಕ್ಷಿ ಬೆಳೆಯುವುದು ಮಾತ್ರ ಬಂದರಿನ ಬೆನ್ನಿಗಿರುವ ಸುಣ್ಣಕಲ್ಲಿನ ಗುಡ್ಡಗಳಲ್ಲಿ. ಅಲ್ಲಿ ಮಣ್ಣು ಕೊಚ್ಚಿಹೋಗದಂತೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಮೆಟ್ಟಿಲು ತೋಟಗಳಿವೆ. ಯಂತ್ರದ ಕೊಯ್ಲಿಗೆ ಅವಕಾಶವಿಲ್ಲ, ಪ್ರತಿ ಗೊಂಚಲನ್ನೂ ಕೈಯಲ್ಲೇ ಕತ್ತರಿಸಬೇಕು. ವಾಯವ್ಯದಿಂದ ಬೀಸುವ ಮಿಸ್ತ್ರಾಲ್ ಗಾಳಿ ಎಲೆ, ಕಾಯಿಗಳ ತೇವವನ್ನು ಒಣಗಿಸಿ ಬೂಷ್ಟು ಹತ್ತದಂತೆ ಕಾಯುತ್ತದೆ.

ಈ ವೈನಿನ ಜೀವಾಳ ಮೂರ್‌ವೆದ್ರ್ ಎಂಬ ದ್ರಾಕ್ಷಿ. ಕಾಯಿ ಸಣ್ಣದು, ಸಿಪ್ಪೆ ದಪ್ಪ, ಹಣ್ಣಾಗುವುದು ತೀರ ತಡ. ನೆತ್ತಿಯ ಮೇಲೆ ಬಿಸಿಲು, ಬೇರಿಗೆ ತೇವ ಎರಡೂ ಇದ್ದರಷ್ಟೇ ಅದು ಪೂರ್ತಿ ಮಾಗುತ್ತದೆ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಕೀಟ ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಹಾಳುಗೆಡವಿದಾಗ, ಅಮೆರಿಕದ ಬೇರುಗಿಡಗಳಿಗೆ ಕಸಿ ಕಟ್ಟುವುದೊಂದೇ ದಾರಿ ಉಳಿಯಿತು. ಮೂರ್‌ವೆದ್ರ್ ಆ ಕಸಿಗೆ ಸುಲಭವಾಗಿ ಒಗ್ಗಲಿಲ್ಲ. ರೈತರು ಹೆಚ್ಚು ಇಳುವರಿಯ ತಳಿಗಳತ್ತ ತಿರುಗಿದರು, ಬಂದೋಲಿನ ಹಳೆಯ ಹೆಸರು ಮಸುಕಾಯಿತು. ಅದನ್ನು ಮರಳಿ ತಂದವರಲ್ಲಿ ಮುಖ್ಯರು ದೊಮೇನ್ ತಾಂಪಿಯೇ ತೋಟದ ಲೂಸಿಯಾಂ ಪೆರೋ. ಅವರು ಪಟ್ಟುಹಿಡಿದು ಮೂರ್‌ವೆದ್ರ್ ನೆಟ್ಟರು, ನೆರೆಯವರನ್ನೂ ಒಪ್ಪಿಸಿದರು. 1941ರಲ್ಲಿ ಬಂದೋಲಿಗೆ ಸರ್ಕಾರದ ಮೂಲಸ್ಥಾನ ಮಾನ್ಯತೆ ಸಿಕ್ಕಿತು.

ಇಂದಿನ ನಿಯಮದ ಪ್ರಕಾರ ಕೆಂಪು ಬಂದೋಲಿನಲ್ಲಿ ಕನಿಷ್ಠ ಅರ್ಧದಷ್ಟು ಮೂರ್‌ವೆದ್ರ್ ಇರಬೇಕು. ಉಳಿದದ್ದು ಬಹುಮಟ್ಟಿಗೆ ಗ್ರೆನಾಶ್ ಮತ್ತು ಸ್ಯಾಂಸೋ. ಹುದುಗಿದ ರಸ ಮರದ ಪೀಪಾಯಿಯಲ್ಲಿ ಕನಿಷ್ಠ 18 ತಿಂಗಳು ಕಳೆಯಬೇಕು. ಹಳೆಯ ಮನೆತನಗಳು ಇದಕ್ಕೆ ಬಳಸುವುದು ಆಳೆತ್ತರದ ಓಕ್ ಪೀಪಾಯಿಗಳನ್ನು. ಅವು ಮರದ ವಾಸನೆಯನ್ನು ವೈನಿನ ಮೇಲೆ ಹೇರುವುದಿಲ್ಲ, ಒರಟನ್ನು ಮಾತ್ರ ತಗ್ಗಿಸುತ್ತವೆ. ಇದೇ ಸರಿಯಾದ ಕ್ರಮ. ಹೊಸ ಓಕಿನ ವೆನಿಲಾ ಘಮ ಈ ದ್ರಾಕ್ಷಿಗೆ ಬೇಡವೇ ಬೇಡ.

ಎಳೆಯ ಬಂದೋಲ್ ಬಾಯಿಗೆ ಒಗರು. ಬಿರಡೆ ತೆಗೆದೊಡನೆ ತೊಗಲಿನ, ಕೆಲವೊಮ್ಮೆ ಕೊಟ್ಟಿಗೆಯ ವಾಸನೆ ಮೂಗಿಗೆ ಬಡಿಯುವುದುಂಟು. ಅದು ಕೆಟ್ಟಿದೆಯೆಂದು ಬದಿಗಿಡುವುದು ಆತುರ. ಅಗಲ ಬಾಯಿಯ ಹೂಜಿಗೆ ಸುರಿದು ಒಂದೆರಡು ಗಂಟೆ ಗಾಳಿಯಾಡಲು ಬಿಟ್ಟರೆ ಕಪ್ಪು ಹಣ್ಣು, ಕರಿಮೆಣಸು, ಒಣ ಗಿಡಮೂಲಿಕೆಯ ಪರಿಮಳ ಒಂದೊಂದಾಗಿ ಮೇಲೆ ಬರುತ್ತವೆ. ಎಂಟು ಹತ್ತು ವರ್ಷ ಕಾದವರಿಗೆ ಒಗರು ಕರಗಿ ನುಣುಪಾಗುತ್ತದೆ. ಒಳ್ಳೆಯ ವರ್ಷದ ಫಸಲು ಇಪ್ಪತ್ತು ವರ್ಷ ದಾಟಿಯೂ ಗಟ್ಟಿಯಾಗಿರುತ್ತದೆ.

ಊಟದ ಜೊತೆಗಾರಿಕೆಯಲ್ಲಿ ಮೊದಲ ಸ್ಥಾನ ಪ್ರೊವಾನ್ಸಿನ ದೋಬ್ ಅಡುಗೆಗೆ. ದನದ ಮಾಂಸದ ದೊಡ್ಡ ತುಂಡುಗಳನ್ನು ಕೆಂಪು ವೈನ್, ಬೆಳ್ಳುಳ್ಳಿ, ಥೈಮ್, ಬೇ ಎಲೆ, ಕಿತ್ತಳೆ ಸಿಪ್ಪೆಯ ಒಂದು ಸೀಳಿನೊಂದಿಗೆ ರಾತ್ರಿಯಿಡೀ ನೆನೆಸಿ, ಮರುದಿನ ಮಣ್ಣಿನ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಗಂಟೆಗಟ್ಟಲೆ ಬೇಯಿಸುತ್ತಾರೆ. ಮಾಂಸದ ಅಂಟು ಕರಗಿ ರಸ ಮಂದವಾಗುತ್ತದೆ. ವೈನಿಗೆ ಒಗರು ಕೊಡುವ ಟ್ಯಾನಿನ್ ಪ್ರೋಟೀನನ್ನು ಹಿಡಿದುಕೊಳ್ಳುವ ವಸ್ತು. ಬಾಯಲ್ಲಿ ಮಾಂಸವಿದ್ದರೆ ಅದು ಮಾಂಸವನ್ನು ಹಿಡಿಯುತ್ತದೆ, ಇಲ್ಲದಿದ್ದರೆ ನಮ್ಮ ಜೊಲ್ಲಿನ ಪ್ರೋಟೀನನ್ನೇ ಹಿಡಿದು ನಾಲಗೆ ಒಣಗಿಸುತ್ತದೆ. ಒಂದು ತುತ್ತು ದೋಬ್, ಒಂದು ಗುಟುಕು ಬಂದೋಲ್ ಎಂಬ ಸರದಿ ಎರಡರ ರುಚಿಯನ್ನೂ ಹೆಚ್ಚಿಸುವುದು ಹೀಗೆ. ರೋಸ್ಮರಿ, ಬೆಳ್ಳುಳ್ಳಿ ಚುಚ್ಚಿ ಸುಟ್ಟ ಕುರಿಯ ತೊಡೆ, ಕಾಡುಹಂದಿ, ಕಪ್ಪು ಆಲಿವ್ ಚಟ್ನಿಯಂಥ ತಾಪೆನಾದ್ ಕೂಡ ಚೆನ್ನಾಗಿ ಒಪ್ಪುತ್ತವೆ. ಸಸ್ಯಾಹಾರಿಗಳಿಗೆ ಎಣ್ಣೆಯಲ್ಲಿ ಹುರಿದ ಬದನೆ ಮತ್ತು ಅಣಬೆ ಹಿತ.

ಮೆಣಸಿನಕಾಯಿ ಮಾತ್ರ ಇದಕ್ಕೆ ಆಗಿಬರುವುದಿಲ್ಲ. ವೈನಿನ ಮದ್ಯಾಂಶ ಖಾರದ ಉರಿಯನ್ನು ಏರಿಸುತ್ತದೆ, ಒಗರು ಅದಕ್ಕೆ ಜೊತೆಗೂಡುತ್ತದೆ. ಕನ್ನಡದ ಅಡುಗೆಮನೆಯಲ್ಲಿ ಇದನ್ನು ಬಡಿಸುವವರು ಕೆಂಪು ಮಸಾಲೆಯ ಸಾರು ಬಿಟ್ಟು, ಹದವಾಗಿ ಕರಿಮೆಣಸು ಹಾಕಿ ಹುರಿದ ಕುರಿಮಾಂಸವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಬೆಂಗಳೂರಿನ ಬೇಸಿಗೆಯ ಕೋಣೆಯ ಬಿಸಿಯೂ ಈ ವೈನಿಗೆ ಹೆಚ್ಚು. ಬಾಟಲಿಯನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು, 16ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಡಿಸಬೇಕು.