ಒಂದೇ ಕಾಳಿನ ದಪ್ಪದ ಮನೆ

ಬ್ರಿಟನ್ನಿನ ಕಡಲತೀರಗಳಲ್ಲಿ ಬಿರುಗಾಳಿಯ ಮರುದಿನ ಕೆಲವೊಮ್ಮೆ ಐಸ್‌ಕ್ರೀಂ ಕೋನ್‌ನಂಥ ಪುಟ್ಟ ಮರಳಿನ ಕೊಳವೆಗಳು ಸಿಗುತ್ತವೆ. ಲ್ಯಾಗಿಸ್ ಕೊರೆನಿ ಎಂಬ ಹುಳುವಿನ ಮನೆಗಳವು. ಹತ್ತಿರದಿಂದ ನೋಡಬೇಕು: ಗೋಡೆಯ ದಪ್ಪ ಒಂದೇ ಮರಳಿನ ಕಾಳು! ಅಳತೆಗೆ ಹೊಂದುವ ಕಾಳನ್ನಷ್ಟೇ ಆರಿಸಿ, ಹುಳು ತನ್ನದೇ ಅಂಟಿನಿಂದ ಒಂದೊಂದಾಗಿ ಕೂಡಿಸುತ್ತದೆ. ಮೈ ಬೆಳೆದಂತೆ ಕೊಳವೆಯ ಅಗಲವಾದ ಬಾಯಿಗೆ ಹೊಸ ಕಾಳುಗಳು ಸೇರುತ್ತವೆ.

ಮರಳೊಳಗೆ ಅದು ತಲೆಕೆಳಗಾಗಿ ಬದುಕುತ್ತದೆ. ತಲೆಯ ಮೇಲಿನ ಹೊಂಬಣ್ಣದ ಬಿರುಗೂದಲುಗಳೇ ಅದರ ಗುದ್ದಲಿ. ಮೆತ್ತನೆಯ ಎಳೆಗಳಂಥ ಅಂಗಗಳು ಆಹಾರದ ಕಣಗಳನ್ನು ಹೆಕ್ಕುತ್ತವೆ. ಕೊಳವೆಯ ಕಿರಿದಾದ ತುದಿ ಮಾತ್ರ ಮೇಲಕ್ಕೆ ಚಾಚಿರುತ್ತದೆ.

ಕತ್ತಲಲ್ಲಿ, ಕೈಯಿಲ್ಲದೆ, ಇಷ್ಟು ಬಿಗಿಯಾದ ಗಾರೆ ಕೆಲಸ! ಹಿಸುಕಿದರೆ ಪುಡಿಯಾಗುವ ಈ ಗೂಡಿನ ಮುಂದೆ ನನ್ನ ತಲೆ ತಾನಾಗಿ ಬಾಗುತ್ತದೆ.