ಹದಿನಾರು ರೂಪಾಯಿ ಮತ್ತು ಒಂದು ಒಪ್ಪಂದ

ಶನಿವಾರ ಬೆಳಿಗ್ಗೆ ದೊಡ್ಡಬಳ್ಳಾಪುರದ ಮೇಲೆ ನಂದಿಬೆಟ್ಟಕ್ಕೆ ಹೋಗೋರು ಇದನ್ನ ನೋಡಿರ್ತೀರಿ: ಊಟದ ಡಬ್ಬಿ ಹಿಡಿದು ರಸ್ತೆ ಬದಿಯಲ್ಲಿ ಗಾಡಿಗೆ ಕಾಯ್ತಾ ನಿಂತ ಹೆಣ್ಣುಮಕ್ಕಳು. ನಮಗೆ ವೀಕೆಂಡು, ಅವರಿಗೆ ಕೆಲಸದ ದಿನ. ಅಪರೆಲ್ ಪಾರ್ಕಿನ ಗಾರ್ಮೆಂಟ್ಸ್‌ಗೆ ಹೊರಟವರು. ಇಂಥವರು ಹೊಲಿಯೋ ಎಷ್ಟೋ ಬಟ್ಟೆ ಹಡಗು ಹತ್ತುತ್ತೆ.

2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಒಂದು ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಪ್ರಕಾರ ನಮ್ಮ ಉಡುಪುಗಳ ಮೇಲೆ ಅಲ್ಲಿ ಶೇ. 12ರವರೆಗೂ ಇದ್ದ ಸುಂಕ ಸೊನ್ನೆಯಾಗುತ್ತೆ. ಸಂಭ್ರಮಪಟ್ಟಿದ್ದೆಲ್ಲ ಇದಕ್ಕೇ. ಅದೇ ಒಪ್ಪಂದದಲ್ಲಿ ಕಾರ್ಮಿಕರ ಬಗ್ಗೆ ಅಂತಲೇ ಒಂದು ಅಧ್ಯಾಯ ಇದೆ. ನನ್ನ ತಕರಾರು ಅದರ ಮೇಲೆ.

ಓದೋಕೆ ಚೆನ್ನಾಗೇ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ (ಐಎಲ್‌ಒ) 1998ರ ಘೋಷಣೆಯ ನೆನಪು, ಮೂಲಭೂತ ಹಕ್ಕುಗಳ ಮಾತು, ಸಹಕಾರದ ಮಾತು. ಆದರೆ ಈ ಅಧ್ಯಾಯದ ಯಾವ ವಿಷಯವನ್ನೂ ಒಪ್ಪಂದದ ವ್ಯಾಜ್ಯ ಪರಿಹಾರ ವ್ಯವಸ್ಥೆಗೆ ಒಯ್ಯುವಂತಿಲ್ಲ. ಸುಂಕದಲ್ಲಿ ಮೋಸವಾದರೆ ಪಂಚಾಯ್ತಿ ಉಂಟು. ಸಂಬಳದಲ್ಲಾದರೆ ಎರಡು ಸರ್ಕಾರಗಳು ಕೂತು ಮಾತಾಡಬಹುದು, ಅಷ್ಟೇ.

ಇದಕ್ಕೆ ಹಳೇ ಕಾರಣ ಇದೆ. 1996ರ ಸಿಂಗಪುರ ಸಮ್ಮೇಳನದಲ್ಲಿ ಕಾರ್ಮಿಕ ನಿಯಮಗಳನ್ನು ವಿಶ್ವ ವ್ಯಾಪಾರ ಸಂಸ್ಥೆಯೊಳಗೆ ತರೋದನ್ನ ವಿರೋಧಿಸಿದವರಲ್ಲಿ ಭಾರತ ಮುಂದಿತ್ತು. ಕಾರ್ಮಿಕರ ಹೆಸರಲ್ಲಿ ಶ್ರೀಮಂತ ದೇಶಗಳು ನಮ್ಮ ಸರಕಿಗೆ ಬಾಗಿಲು ಹಾಕ್ತವೆ ಅನ್ನೋ ಆತಂಕ. ಅದು ಸುಳ್ಳಲ್ಲ. ನಮ್ಮ ಕಾನೂನು, ನಮ್ಮ ಕೋರ್ಟು ಇವೆ, ಹೊರಗಿನವರು ಯಾಕೆ ಅನ್ನೋದು ಇನ್ನೊಂದು ವಾದ.

ಸರಿ, ನಮ್ಮ ಕೋರ್ಟಿನ ಕಥೆಯನ್ನೇ ನೋಡೋಣ. 2020ರ ಏಪ್ರಿಲ್‌ನಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರಿಗೆ ತಿಂಗಳಿಗೆ 417 ರೂಪಾಯಿ ಚಿಲ್ಲರೆ ತುಟ್ಟಿಭತ್ಯೆ ಏರಬೇಕಿತ್ತು. ದಿನಕ್ಕೆ ಹದಿನಾರು ರೂಪಾಯಿ. ದರ್ಶಿನಿಯ ಒಂದು ಕಾಫಿ ದುಡ್ಡು. ಅದನ್ನು ಮುಂದೂಡಲಾಯಿತು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಬಾಕಿ ಸಮೇತ ಕೊಡಬೇಕು ಅಂತು. ಆದರೂ 2021 ಮುಗಿಯುತ್ತಾ ಬಂದರೂ ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ ಆ ದುಡ್ಡು ಸಿಕ್ಕಿರಲಿಲ್ಲ. ಇಲ್ಲಿನ ಸಂಘಗಳ ಜೊತೆ ಅಮೆರಿಕದ ವರ್ಕರ್ಸ್ ರೈಟ್ಸ್ ಕನ್ಸೋರ್ಷಿಯಂ ದನಿ ಎತ್ತಿ, ವಿದೇಶಿ ಪತ್ರಿಕೆಗಳು ಬರೆದು, ಬ್ರ್ಯಾಂಡುಗಳಿಗೆ ಮುಜುಗರವಾದ ಮೇಲೆ, 2022ರ ಆರಂಭದಲ್ಲಿ ದೊಡ್ಡ ಕಂಪನಿಗಳು ಬಾಕಿ ಕೊಡೋಕೆ ಒಪ್ಪಿದವು.

ಅಂದ್ರೆ ಹೊರಗಿನವರು ಈಗಾಗಲೇ ಒಳಗಿದ್ದಾರೆ. ಕೋರ್ಟಿನ ಮಾತಿಗೆ ಬಿಚ್ಚದ ಗಂಟು ಗಿರಾಕಿಯ ಮುಜುಗರಕ್ಕೆ ಬಿಚ್ಚಿತು. ಆದರೆ ಆ ಮುಜುಗರ ಕಾರ್ಮಿಕರ ಹಕ್ಕಲ್ಲ, ಅದೃಷ್ಟ. ಪತ್ರಿಕೆಯವರು ಬರೀದೇ ಇದ್ದಿದ್ರೆ?

ಆ ಅದೃಷ್ಟವನ್ನು ಹಕ್ಕಾಗಿಸಬಹುದು ಅನ್ನೋದಕ್ಕೆ ಮೆಕ್ಸಿಕೊ ಉದಾಹರಣೆ. 2020ರಲ್ಲಿ ಜಾರಿಗೆ ಬಂದ ಅಮೆರಿಕ-ಮೆಕ್ಸಿಕೊ-ಕೆನಡಾ ಒಪ್ಪಂದದಲ್ಲಿ ಒಂದೊಂದು ಕಾರ್ಖಾನೆಯ ಮೇಲೂ ದೂರು ಎತ್ತೋಕೆ ದಾರಿ ಇದೆ. ಸಿಲಾವೊದ ಜನರಲ್ ಮೋಟಾರ್ಸ್ ಘಟಕದಲ್ಲಿ ಮತದಾನದ ಅಕ್ರಮದ ಬಗ್ಗೆ 2021ರಲ್ಲಿ ಹಾಗೇ ದೂರು ಎದ್ದಿತು. ಮರುಮತದಾನವಾಯ್ತು, ಕಾರ್ಮಿಕರು ಹಳೇ ಸಂಘದ ಕರಾರನ್ನು ತಳ್ಳಿಹಾಕಿದರು, ಮುಂದಿನ ವರ್ಷ ಸ್ವತಂತ್ರ ಸಂಘ ಗೆದ್ದಿತು. ಈ ದಾರಿ ಅಮೆರಿಕದ ಕಾರ್ಖಾನೆಗಳಿಗಿಂತ ಮೆಕ್ಸಿಕೊದವುಗಳ ಮೇಲೇ ಹೆಚ್ಚು ಬಿಗಿ, ಅದನ್ನೂ ಹೇಳಬೇಕು. ಹಾಗಾದ್ರೆ ನಾವು ಎರಡೂ ಕಡೆ ಸಮನಾದ ದಾರಿ ಕೇಳಬಹುದಿತ್ತು. ದಾರಿಯೇ ಬೇಡ ಅಂದೆವು.

ಇನ್ನೊಂದು ಮಾತು. ಸಂಘ ಕಟ್ಟೋ, ಸಂಘದ ಮೂಲಕ ಚೌಕಾಸಿ ಮಾಡೋ ಹಕ್ಕಿನ 87 ಮತ್ತು 98ನೇ ಐಎಲ್‌ಒ ಒಡಂಬಡಿಕೆಗಳನ್ನು ಭಾರತ ಇವತ್ತಿಗೂ ಅನುಮೋದಿಸಿಲ್ಲ. ಮನೆಯೊಳಗೂ ಬಾಗಿಲು ಅರ್ಧ ಮುಚ್ಚಿದೆ.

ಸುಂಕ ಇಳಿದು ಆರ್ಡರ್ ಜಾಸ್ತಿಯಾದರೆ ದೊಡ್ಡಬಳ್ಳಾಪುರದಲ್ಲಿ ಕೆಲಸಾನೂ ಹೆಚ್ಚಬಹುದು. ಒಳ್ಳೇದೇ. ಆದರೆ ಇಂಥ ಒಪ್ಪಂದ ಓದುವಾಗ ನಾನು ಇನ್ನು ಮುಂದೆ ಒಂದೇ ಪ್ರಶ್ನೆ ಕೇಳ್ತೀನಿ: ದಿನಕ್ಕೆ ಹದಿನಾರು ರೂಪಾಯಿ ಕಮ್ಮಿ ಬಂದ ಹೆಣ್ಣುಮಗಳು ಈ ಕಾಗದ ಹಿಡ್ಕೊಂಡು ಯಾರ ಹತ್ರ ಹೋಗಬಹುದು? ಈ ಒಪ್ಪಂದದಲ್ಲಿ ಉತ್ತರ: ಯಾರ ಹತ್ರಾನೂ ಇಲ್ಲ.