ಹಸಿವಿನ ನಿಗ್ರಹ ಮತ್ತು ಔಷಧದ ಚರಿತ್ರೆ: ಒಂದು ವಿಮರ್ಶೆ

ನಿಕೊಲಾಸ್ ರಾಸ್ಮುಸ್ಸೆನ್ ಅವರು 2008ರಲ್ಲಿ ಪ್ರಕಟಿಸಿದ 'ಆನ್ ಸ್ಪೀಡ್' ಎಂಬ ಗ್ರಂಥವು ಆಂಫೆಟಮೀನ್ ಎಂಬ ಉತ್ತೇಜಕ ಔಷಧದ ಅಮೆರಿಕನ್ ಚರಿತ್ರೆ. 1929ರಲ್ಲಿ ಗಾರ್ಡನ್ ಆಲ್ಸ್ ಎಂಬ ರಸಾಯನಶಾಸ್ತ್ರಜ್ಞರು ಅದನ್ನು ತಮ್ಮ ದೇಹದ ಮೇಲೆಯೇ ಪ್ರಯೋಗಿಸಿದುದು ಮೊದಲ್ಗೊಂಡು, 1971ರ ಕಟ್ಟುನಿಟ್ಟಾದ ನಿರ್ಬಂಧವನ್ನು ದಾಟಿ ಇತ್ತೀಚಿನವರೆಗೂ ನಡೆದ ಕಥೆಯನ್ನು ಗ್ರಂಥಕರ್ತರು ದಾಖಲೆಗಳ ಬಲದಿಂದ ನಿರೂಪಿಸಿರುವರು. ತಯಾರಕರು, ವೈದ್ಯರು, ಸೈನ್ಯಾಧಿಕಾರಿಗಳು ಇವರ ವಿಷಯದಲ್ಲಿ ಅವರ ತೀರ್ಮಾನಗಳಿಗೆ ನಮ್ಮ ತಕರಾರಿಲ್ಲ.

ನಮ್ಮ ಆಕ್ಷೇಪವಿರುವುದು ಬೇರೊಂದೆಡೆ. ಎರಡನೆಯ ಮಹಾಯುದ್ಧದ ತರುವಾಯ ಈ ಔಷಧವು ಹಸಿವನ್ನಡಗಿಸುವ ಗುಣದಿಂದಾಗಿ ತೂಕ ಇಳಿಸುವ ಗುಳಿಗೆಯಾಗಿ ಹೇರಳವಾಗಿ ಮಾರಾಟವಾಯಿತು. ನುಂಗಿದವರಲ್ಲಿ ಬಹುಮಂದಿ ಸ್ತ್ರೀಯರು. ನಮಗೆ ತೋರುವಂತೆ, ಗ್ರಂಥದಲ್ಲಿ ಇವರು ಒಂದೋ ಸ್ಥೂಲಕಾಯರು, ಇಲ್ಲವೆ ವ್ಯಸನಿಗಳು. ಅಮಲನ್ನು ಬಯಸದೆ, ಹಸಿವನ್ನೇ ಶತ್ರುವೆಂದು ಬಗೆದು ಔಷಧಕ್ಕೆ ಕೈನೀಡಿದ ಕೃಶಾಂಗಿಗೆ ಇಲ್ಲಿ ದೊರೆತಿರುವ ಎಡೆ ತೀರ ಕಿರಿದು. ಲಂಘನವೇ ಪರಮೌಷಧವೆಂಬ ನಾಣ್ಣುಡಿಯನ್ನು ಕೇಳಿ ಬೆಳೆದ ನಮಗೆ, ಲಂಘನಕ್ಕಾಗಿಯೇ ಔಷಧ ಸೇವಿಸುವ ಈ ವಿಪರ್ಯಾಸವು ಇನ್ನಷ್ಟು ವಿಚಾರಣೆಗೆ ಅರ್ಹವೆನಿಸುವುದು.

ಆಕೆ ವೈದ್ಯಸಾಹಿತ್ಯಕ್ಕೆ ಅಪರಿಚಿತಳಲ್ಲ. 1979ರಲ್ಲಿ ಲಂಡನ್ನಿನ ಜೆರಾಲ್ಡ್ ರಸೆಲ್ ಅವರು ಮೂವತ್ತು ರೋಗಿಗಳನ್ನು ಪರಿಶೀಲಿಸಿ 'ಬುಲಿಮಿಯ ನರ್ವೋಸ' ಎಂಬ ವ್ಯಾಧಿಯನ್ನು ಹೆಸರಿಸಿದಾಗ, ವಿರೇಚಕಗಳ ದುರುಪಯೋಗವನ್ನು ಅದರ ಲಕ್ಷಣಗಳಲ್ಲೇ ಸೇರಿಸಿದ್ದರು. (ವಿರೇಚಕದಿಂದ ಕಳೆಯುವುದು ಬಹುಮಟ್ಟಿಗೆ ನೀರೇ ಹೊರತು ಕೊಬ್ಬಲ್ಲ, ಆದರೂ ತಕ್ಕಡಿಯ ಮುಳ್ಳು ರೋಗಿಯನ್ನು ನಂಬಿಸುವುದು.) 1983ರ ಫೆಬ್ರವರಿ 4ರಂದು, 32ರ ಪ್ರಾಯದಲ್ಲಿ, ಗಾಯಕಿ ಕ್ಯಾರೆನ್ ಕಾರ್ಪೆಂಟರ್ ಮೃತರಾದರು. 'ಅನೊರೆಕ್ಸಿಯ ನರ್ವೋಸ' ಎಂಬ ಆಹಾರವ್ಯಾಧಿಯ ಫಲವಾಗಿ ಎಮೆಟಿನ್ ಎಂಬ ದ್ರವ್ಯವು ಹೃದಯಕ್ಕೆ ವಿಷವಾಯಿತೆಂದು ಮರಣೋತ್ತರ ವರದಿಯು ಹೇಳಿತು. ಎಮೆಟಿನ್ ಇಪೆಕಾಕ್ ಎಂಬ ವಾಂತಿಕಾರಕದ ಅಂಶ. ಆ ಪಾನಕವನ್ನು ಅಂದಿನ ಅಮೆರಿಕದ ಗೃಹಸ್ಥರು, ಮಕ್ಕಳು ವಿಷ ನುಂಗಿದರೆ ಬೇಕಾದೀತೆಂದು, ಮನೆಯಲ್ಲಿಡುತ್ತಿದ್ದರು.

ಮಾದಕವಸ್ತುಗಳ ಪಟ್ಟಿಯಲ್ಲಿ ವಿರೇಚಕವಿಲ್ಲ, ಇಪೆಕಾಕ್ ಇಲ್ಲ. ಕಾನೂನಿನ ಪಟ್ಟಿಯನ್ನೇ ಇತಿಹಾಸಕಾರನು ತನ್ನ ಸೂಚಿಯಾಗಿ ಸ್ವೀಕರಿಸಿದರೆ, ಆಂಫೆಟಮೀನ್ ಗುಳಿಗೆಯೂ ವಿರೇಚಕವೂ ಒಂದೇ ಕೈಯಲ್ಲಿ, ಒಂದೇ ಉದ್ದೇಶಕ್ಕಾಗಿ ಕೂಡಿದ್ದಿರಬಹುದೆಂಬುದು ಅವನ ಕಣ್ಣಿಗೆ ಬೀಳದು. ಪ್ರಕೃತ ಗ್ರಂಥದ ಕೊರತೆ ಈ ಸೂಚಿಯಿಂದ ಹುಟ್ಟಿದುದೆಂದೇ ನಮ್ಮ ಅಭಿಪ್ರಾಯ.

2015ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು, ದೇಹದೊಳಗೆ ಡೆಕ್ಸ್‌ಆಂಫೆಟಮೀನ್ ಆಗಿ ಮಾರ್ಪಡುವ ಲಿಸ್‌ಡೆಕ್ಸ್‌ಆಂಫೆಟಮೀನ್ ಎಂಬ ಔಷಧವನ್ನು ಅತಿಭಕ್ಷಣ ವ್ಯಾಧಿಯ ಚಿಕಿತ್ಸೆಗೆ ಸಮ್ಮತಿಸಿತು. ತೂಕ ಇಳಿಸಲು ಅದು ಸಲ್ಲದೆಂಬ ಎಚ್ಚರಿಕೆಯೂ ಜೊತೆಗಿತ್ತು. 2008ರ ಗ್ರಂಥದಲ್ಲಿ ಇದು ಇಲ್ಲವೆಂದು ದೂರುವುದು ಅನ್ಯಾಯ. ಆದರೆ ಪರಿಷ್ಕೃತ ಮುದ್ರಣವೊಂದು ಸಿದ್ಧವಾಗುವುದಾದರೆ, ಆ ಎಚ್ಚರಿಕೆಯು ಯಾರನ್ನು ಉದ್ದೇಶಿಸಿ ಬರೆದುದೆಂಬುದನ್ನು ಗ್ರಂಥಕರ್ತರು ವಿಚಾರಿಸಬೇಕೆಂದು ನಾವು ಅಪೇಕ್ಷಿಸುವೆವು.